ಕಾರಿನ ಗಾಜು ಮಬ್ಬಾದಾಗ ಎಸಿಯೋ ಹೀಟರೋ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂದಿನ ಗಾಜು ಮಬ್ಬಾದ ಕೂಡಲೇ ಒಬ್ಬರು ಎಸಿ ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಹೀಟರ್ ಅನ್ನುತ್ತಾರೆ, ಪಕ್ಕದಲ್ಲಿ ಕೂತವರು ಯಾರನ್ನೂ ಕೇಳದೆ ಕಿಟಕಿ ಇಳಿಸುತ್ತಾರೆ. ಮೂವರ ಮಾತಿನಲ್ಲೂ ಸ್ವಲ್ಪ ಸತ್ಯ ಇದೆ. ಆದರೆ ಯಾವುದು ಯಾವಾಗ ಅಂತ ತಿಳಿಯದೆ ಬಟನ್ ಒತ್ತಿದರೆ ಇದ್ದ ಮಬ್ಬು ಇನ್ನೂ ದಟ್ಟವಾಗುವುದೂ ಉಂಟು. ಎಸಿ ಬೇಸಿಗೆಗೆ, ಹೀಟರ್ ಚಳಿಗೆ, ಎರಡಕ್ಕೂ ಆಗಿಬರುವುದಿಲ್ಲ ಅನ್ನುವ ಲೆಕ್ಕವೇ ಇಲ್ಲಿ ಮುಖ್ಯವಾದ ಗೊಂದಲ. ಗಾಜಿನ ಒಳಗಡೆ ಕೂತ ಮಬ್ಬಿಗೆ ಎರಡನ್ನೂ ಒಟ್ಟಿಗೇ ಹಾಕಬೇಕು.

ವಿವರ ಆಮೇಲೆ ಓದುತ್ತೇನೆ. ಈಗಲೇ ಗಾಜು ತಿಳಿಯಾಗಬೇಕು, ಏನು ಮಾಡಲಿ?

ವೈಪರ್ ಒಂದು ಸಲ ಆಡಿಸಿ. ಮಬ್ಬು ಹೋದರೆ ಅದು ಹೊರಗಡೆಯದು. ಹೋಗದಿದ್ದರೆ ಒಳಗಡೆಯದು.

ಒಳಗಡೆಯದಾದರೆ ಮುಂದಿನ ಗಾಜಿನ ಡಿಫಾಗರ್ ಬಟನ್ ಒತ್ತಿ. ಬಾಗಿದ ಗಾಜಿನ ಚಿತ್ರದ ಮೇಲೆ ಡೊಂಕು ಬಾಣಗಳಿರುವ ಬಟನ್ ಅದು. ಎಸಿ ಆನ್ ಇರಲಿ. ತಾಪಮಾನವನ್ನು ಬಿಸಿ ಕಡೆಗೆ ತಿರುಗಿಸಿ. ಫ್ಯಾನ್ ಜೋರು ಮಾಡಿ. ಹೊರಗಿನ ಗಾಳಿ ಒಳಗೆ ಬರುವ ಹಾಗೆ ಇಡಿ. ಎಂಜಿನ್ ಬಿಸಿಯಾಗಿದ್ದರೆ ಒಂದೆರಡು ನಿಮಿಷದಲ್ಲಿ ದಾರಿ ಕಾಣಿಸುತ್ತದೆ.

ಹೊರಗಡೆಯದಾದರೆ ವೈಪರ್ ಓಡಲಿ. ಗಾಜಿಗೆ ಬಡಿಯುತ್ತಿರುವ ತಣ್ಣನೆಯ ಗಾಳಿಯನ್ನು ಮುಖದ ಕಡೆಗೋ ಕಾಲಿನ ಕಡೆಗೋ ತಿರುಗಿಸಿ. ತಾಪಮಾನವನ್ನು ಎರಡು ಮೂರು ಡಿಗ್ರಿ ಏರಿಸಿ.

ಏನೂ ಕಾಣದಷ್ಟು ಮುಚ್ಚಿಕೊಂಡಿದ್ದರೆ ಬಟನ್ ತಡಕಾಡುತ್ತಾ ಓಡಿಸಬೇಡಿ. ಇಂಡಿಕೇಟರ್ ಹಾಕಿ, ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿ. ಉಳಿದದ್ದೆಲ್ಲ ಆಮೇಲೆ.

ಗಾಜಿನ ಮೇಲೆ ಕೂರುವ ಈ ಮಬ್ಬು ಏನು?

ನೀರು. ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಹನಿಗಳು. ಒಂದೊಂದು ಹನಿಯೂ ಬೆಳಕನ್ನು ಒಂದೊಂದು ಕಡೆಗೆ ಚದುರಿಸುವುದರಿಂದ ಗಾಜು ಬೆಳ್ಳಗೆ ಕಾಣುತ್ತದೆ. ಅಷ್ಟೇ ನೀರು ಹನಿಯಾಗದೆ ತೆಳು ಪದರವಾಗಿ ಹರಡಿಕೊಂಡಿದ್ದರೆ ಗಾಜಿನಾಚೆ ಚೆನ್ನಾಗಿಯೇ ಕಾಣುತ್ತಿತ್ತು. ಈ ಮಾತು ನೆನಪಿರಲಿ, ಆಂಟಿ ಫಾಗ್ ಸ್ಪ್ರೇ ವಿಷಯ ಬಂದಾಗ ಮತ್ತೆ ಬೇಕಾಗುತ್ತದೆ.

ಬಿಸಿ ಗಾಳಿಯಲ್ಲಿ ನೀರಾವಿ ಜಾಸ್ತಿ ಇರಬಲ್ಲದು, ತಣ್ಣನೆಯ ಗಾಳಿಯಲ್ಲಿ ಕಡಿಮೆ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ 23 ಗ್ರಾಂ ನೀರಾವಿ ಇರಬಹುದು. 10 ಡಿಗ್ರಿಯಲ್ಲಿ ಅದು 9 ಗ್ರಾಂ ಚಿಲ್ಲರೆ. ಸೊನ್ನೆಯಲ್ಲಿ 5 ಗ್ರಾಂಗಿಂತಲೂ ಕಡಿಮೆ. ಒಳಗಿನ ಬೆಚ್ಚನೆಯ, ತೇವದ ಗಾಳಿ ತಣ್ಣನೆಯ ಗಾಜಿಗೆ ತಾಗಿದಾಗ ಅಲ್ಲೇ ತಣ್ಣಗಾಗುತ್ತದೆ. ಹಿಡಿಸಲಾರದ ನೀರನ್ನು ಗಾಜಿನ ಮೇಲೆ ಬಿಡುತ್ತದೆ.

ಯಾವ ತಾಪಮಾನಕ್ಕೆ ಇಳಿದಾಗ ನೀರು ಬಿಡಲು ಶುರುವಾಗುತ್ತದೋ ಅದನ್ನು ಇಬ್ಬನಿ ಬಿಂದು ಅನ್ನುತ್ತಾರೆ. ಕಾರಿನೊಳಗೆ 25 ಡಿಗ್ರಿ, ತೇವಾಂಶ 60% (ಆ ಬಿಸಿಯಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ನೂರಕ್ಕೆ 60 ಪಾಲು) ಇದೆ ಅಂದುಕೊಳ್ಳಿ. ಆಗ ಇಬ್ಬನಿ ಬಿಂದು ಸುಮಾರು 17 ಡಿಗ್ರಿ. ಗಾಜು ಅದಕ್ಕಿಂತ ತಣ್ಣಗಿದ್ದರೆ ಮಬ್ಬು ಕೂರುತ್ತದೆ, ಬೆಚ್ಚಗಿದ್ದರೆ ಇಲ್ಲ. ಹಾಗಾಗಿ ಇರುವುದು ಎರಡೇ ದಾರಿ. ಗಾಳಿಯನ್ನು ಒಣಗಿಸಬೇಕು, ಇಲ್ಲವೇ ಗಾಜನ್ನು ಬಿಸಿ ಮಾಡಬೇಕು. ಮೊದಲನೆಯದು ಎಸಿಯ ಕೆಲಸ, ಎರಡನೆಯದು ಹೀಟರಿನದು.

ಕಿಟಕಿ ಎಲ್ಲ ಮುಚ್ಚಿದೆ. ಒಳಗೆ ಅಷ್ಟು ನೀರು ಎಲ್ಲಿಂದ ಬಂತು?

ನಿಮ್ಮಿಂದಲೇ. ಸುಮ್ನೆ ಕೂತಿರುವ ಒಬ್ಬ ವ್ಯಕ್ತಿಯ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 40 ಗ್ರಾಂ ನೀರಾವಿ ಹೊರಬರುತ್ತದೆ. ನಾಲ್ಕು ಜನ ಇದ್ದರೆ 160 ಗ್ರಾಂ. ಮಧ್ಯಮ ಗಾತ್ರದ ಕಾರಿನೊಳಗೆ 3 ಘನ ಮೀಟರ್‌ನಷ್ಟು ಗಾಳಿ ಹಿಡಿಯುತ್ತದೆ ಅಂತ ಲೆಕ್ಕ ಹಾಕಿ. 20 ಡಿಗ್ರಿಯಲ್ಲಿ ಅಷ್ಟು ಗಾಳಿಯಲ್ಲಿ ಹೆಚ್ಚೆಂದರೆ 52 ಗ್ರಾಂ ನೀರಾವಿ ಇರಬಹುದು. ಅದರಲ್ಲಿ ಅರ್ಧ ಮೊದಲೇ ಇತ್ತು ಅಂದರೆ, ಗಾಳಿ ಆಡದ ಕಾರಿನಲ್ಲಿ ನಾಲ್ಕು ಜನ ಹತ್ತು ನಿಮಿಷ ಕೂತರೆ ಸಾಕು, ಮಿತಿ ಮುಟ್ಟಿಬಿಡುತ್ತದೆ.

ಇದರ ಮೇಲೆ ಒದ್ದೆ ಚಪ್ಪಲಿ, ನೆನೆದ ಛತ್ರಿ, ಕಾಲಡಿಯ ಮ್ಯಾಟ್, ತೊಯ್ದ ಬ್ಯಾಗು. ಮಳೆಯಲ್ಲಿ ನೆನೆದು ಬಂದು ಐದು ಜನ ಒಟ್ಟಿಗೆ ಹತ್ತಿದ ಕಾರಿನ ಗಾಜು ಬಾಗಿಲು ಹಾಕಿದ ಕ್ಷಣದಲ್ಲೇ ಮುಚ್ಚಿಕೊಳ್ಳುವುದು ಇದಕ್ಕೇ.

ಚಳಿಯಲ್ಲಿ ನಡುಗುತ್ತಿರುವಾಗ ಎಸಿ ಹಾಕಿ ಅಂತೀರಲ್ಲ, ಇದ್ಯಾವ ನ್ಯಾಯ?

ಎಸಿ ಅಂದರೆ ತಣ್ಣಗೆ ಮಾಡುವ ಯಂತ್ರ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿದೆ, ಅದಕ್ಕೇ ಹೀಗನ್ನಿಸುತ್ತದೆ. ಡ್ಯಾಶ್‌ಬೋರ್ಡಿನ ಒಳಗೆ ಗಾಳಿ ಹೋಗುವ ದಾರಿ ನೋಡಿದರೆ ಗೊಂದಲ ಬಿಡುತ್ತದೆ.

ಫ್ಯಾನ್ ತಳ್ಳಿದ ಗಾಳಿ ಮೊದಲು ಕೂಲಿಂಗ್ ಕಾಯಿಲ್ ಮೂಲಕ ಹಾಯುತ್ತದೆ. ಎಸಿ ಓಡುತ್ತಿರುವಾಗ ಆ ಕಾಯಿಲ್ ಮಂಜುಗಡ್ಡೆಗಿಂತ ಕೆಲವೇ ಡಿಗ್ರಿ ಬೆಚ್ಚಗಿರುತ್ತದೆ. ಗಾಳಿಯಲ್ಲಿದ್ದ ನೀರು ಅದರ ತೆಳು ಅಲ್ಯುಮಿನಿಯಂ ರೆಕ್ಕೆಗಳ ಮೇಲೆ ಹನಿಗಟ್ಟಿ, ಕೆಳಗೆ ಇಳಿದು, ಒಂದು ಸಣ್ಣ ರಬ್ಬರ್ ಪೈಪಿನಿಂದ ರಸ್ತೆಗೆ ಬೀಳುತ್ತದೆ. ಎಸಿ ಹಾಕಿ ನಿಲ್ಲಿಸಿದ ಕಾರಿನ ಕೆಳಗೆ ತೊಟ್ಟಿಕ್ಕುತ್ತದಲ್ಲ, ಆ ನೀರು ಇದೇ. ಏನೋ ಸೋರುತ್ತಿದೆ ಅಂತ ಹೆದರುವವರು ಬಹಳ. ಅದು ಬೀಳುತ್ತಿದ್ದರೆ ಖುಷಿಪಡಿ. ಇಲ್ಲದಿದ್ದರೆ ಆ ನೀರಿನಲ್ಲಿ ಸ್ವಲ್ಪ ನಿಮ್ಮ ಗಾಜಿನ ಮೇಲೆ ಇರುತ್ತಿತ್ತು.

ಹೀಗೆ ಒಣಗಿದ ಗಾಳಿ ಆಮೇಲೆ ಹೀಟರ್ ಕೋರ್ ಕಡೆಗೆ ಬರುತ್ತದೆ. ಅದರೊಳಗೆ ಎಂಜಿನ್ನಿನ ಬಿಸಿ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಹರಿಯುತ್ತಿರುತ್ತದೆ. ನೀವು ತಾಪಮಾನದ ನಾಬ್ ತಿರುಗಿಸಿದಾಗ ನಡುವೆ ಇರುವ ಒಂದು ಬಾಗಿಲು ಸರಿದು ಎಷ್ಟು ಗಾಳಿ ಹೀಟರ್ ಮೇಲೆ ಹಾಯಬೇಕು ಅನ್ನುವುದನ್ನು ತೀರ್ಮಾನಿಸುತ್ತದೆ. ಅಂದರೆ ಎಸಿ ಆನ್ ಇದ್ದರೂ ನಿಮ್ಮ ಮೈಗೆ ತಾಗುವುದು ಬಿಸಿ ಗಾಳಿಯೇ.

ಲೆಕ್ಕದಲ್ಲಿ ನೋಡಿ. ಗಾಳಿ ಕಾಯಿಲ್ ಮೇಲೆ 5 ಡಿಗ್ರಿಗೆ ಇಳಿದರೆ ಅದರಲ್ಲಿ ಉಳಿಯುವ ನೀರು ಘನ ಮೀಟರಿಗೆ 7 ಗ್ರಾಂಗಿಂತ ಕಡಿಮೆ. ಅದೇ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ 20% ಆಸುಪಾಸಿಗೆ ಬರುತ್ತದೆ. ಅಷ್ಟು ಒಣಗಿದ, ಅಷ್ಟು ಬಿಸಿಯಾದ ಗಾಳಿ ಗಾಜಿನ ಮೇಲಿನ ಹನಿಗಳನ್ನು ಹೀರಿಕೊಂಡು ಹೋಗುತ್ತದೆ. ಎಷ್ಟೋ ಕಾರುಗಳಲ್ಲಿ ಡಿಫಾಗರ್ ಬಟನ್ ಒತ್ತಿದರೆ ನೀವು ಕೇಳದಿದ್ದರೂ ಎಸಿ ತಾನೇ ಹೊತ್ತಿಕೊಳ್ಳುವುದು ಇದಕ್ಕೇ. ಅದನ್ನು ಆಫ್ ಮಾಡಲು ಹೋಗಬೇಡಿ.

ಅಂದಹಾಗೆ, ಏರ್ ಕಂಡಿಷನಿಂಗ್ ಹುಟ್ಟಿದ್ದೇ ತೇವದ ತೊಂದರೆಯಿಂದ. 1902ರಲ್ಲಿ ವಿಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ ಅದನ್ನು ರೂಪಿಸಿದ್ದು. ಗಾಳಿಯ ತೇವ ಏರಿಳಿದಂತೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಜನರಿಗೆ ತಂಪು ಕೊಡುವ ಯೋಚನೆ ಆಮೇಲಿನದು.

ಹಾಗಾದರೆ ಹೀಟರ್ ಒಂದನ್ನೇ ಹಾಕಿದರೆ ಆಗಲ್ವಾ?

ಕೆಲವೊಮ್ಮೆ ಆಗುತ್ತದೆ. ಹೊರಗೆ ಒಣ ಚಳಿ ಇದ್ದರೆ ಹೊರಗಿನ ಗಾಳಿಯಲ್ಲಿ ನೀರೇ ಕಡಿಮೆ. ಅದನ್ನು ಒಳಗೆ ತಂದು ಬಿಸಿ ಮಾಡಿದರೆ ಸಾಕು. 10 ಡಿಗ್ರಿಯ ಪೂರ್ತಿ ತೇವದ ಗಾಳಿಯನ್ನೂ 25 ಡಿಗ್ರಿಗೆ ಏರಿಸಿದರೆ ತೇವಾಂಶ 40% ಸುತ್ತಮುತ್ತ ಇಳಿಯುತ್ತದೆ.

ಆದರೆ ಹೀಟರ್ ಒಂದು ಹನಿ ನೀರನ್ನೂ ಹೊರಗೆ ಹಾಕುವುದಿಲ್ಲ. ಬರೀ ಬಿಸಿ ಮಾಡುತ್ತದೆ. ಕಾರ್ಪೆಟ್ ಒದ್ದೆಯಾಗಿದ್ದರೆ ಆ ಬಿಸಿಗೆ ಅಲ್ಲಿನ ನೀರೂ ಆವಿಯಾಗಿ ಮೇಲೆದ್ದು ಗಾಳಿಗೆ ಸೇರುತ್ತದೆ. ಒಳಗಿನ ಗಾಳಿಯೇ ಸುತ್ತುತ್ತಿದ್ದರೆ ಮುಗಿದೇ ಹೋಯಿತು. ಬಿಸಿ ಇದ್ದಷ್ಟು ಹೊತ್ತು ಮುಂದಿನ ಗಾಜು ತಿಳಿಯಾಗಿ ಕಾಣಬಹುದು, ಪಕ್ಕದ ತಣ್ಣನೆಯ ಗಾಜುಗಳು ಮುಚ್ಚಿಕೊಳ್ಳುತ್ತವೆ. ಹೀಟರ್ ಆಫ್ ಮಾಡಿದರೆ ಮುಂದೆಯೂ ಅದೇ ಕಥೆ.

ಬೆಳಗ್ಗೆ ಎಂಜಿನ್ ತಣ್ಣಗಿರುತ್ತದೆ. ಹೀಟರ್ ಬಿಸಿಯಾಗುವ ತನಕ ಕಾಯಬೇಕಾ?

ಬೇಡ. ಎಸಿಗೆ ಎಂಜಿನ್ ಬಿಸಿಯಾಗುವುದು ಬೇಕಿಲ್ಲ. ಕಂಪ್ರೆಸರ್ (ಎಸಿಯ ಗ್ಯಾಸನ್ನು ಒತ್ತಿ ಓಡಿಸುವ ಪಂಪು) ತಿರುಗಿದ ಸ್ವಲ್ಪ ಹೊತ್ತಿಗೇ ಗಾಳಿ ಒಣಗಲು ಶುರುವಾಗುತ್ತದೆ. ಕೂಲಂಟ್ ಬಿಸಿಯಾಗಲು ಕೆಲವು ನಿಮಿಷ ಹಿಡಿಯುತ್ತದೆ, ಚಳಿ ಜಾಸ್ತಿ ಇದ್ದರೆ ಇನ್ನೂ ಹೆಚ್ಚು. ಹಾಗಾಗಿ ಮೊದಲಿನಿಂದಲೇ ಎಸಿ, ಹೊರಗಿನ ಗಾಳಿ, ಬಿಸಿ ಕಡೆಗೆ ತಿರುಗಿಸಿದ ನಾಬ್, ಮೂರೂ ಇರಲಿ. ಆರಂಭದಲ್ಲಿ ಬರುವ ಗಾಳಿ ತಣ್ಣಗಿದ್ದರೂ ಒಣಗಿರುತ್ತದೆ.

ಗಾಜು ತಿಳಿಯಾಗುವುದನ್ನು ಗಮನಿಸಿ ನೋಡಿ. ಡ್ಯಾಶ್‌ಬೋರ್ಡ್ ಅಂಚಿನ ಕಿಂಡಿಯಿಂದ ಗಾಳಿ ಮೇಲಕ್ಕೆ ಬರುವುದರಿಂದ ಕೆಳಗಡೆ ಮೊದಲು ಎರಡು ಅರ್ಧಚಂದ್ರಗಳು ತೆರೆದುಕೊಳ್ಳುತ್ತವೆ. ನಿಧಾನಕ್ಕೆ ಅವು ಬೆಳೆದು ಒಂದಾಗುತ್ತವೆ. ಒಂದು ಕಡೆ ಮಾತ್ರ ತೆರೆದುಕೊಂಡು ಇನ್ನೊಂದು ಕಡೆ ಹಾಗೇ ಉಳಿದರೆ ಆ ಕಿಂಡಿಯ ಮೇಲೆ ಏನಿದೆ ನೋಡಿ. ಫೈಲು, ಪೇಪರು, ಒರೆಸುವ ಬಟ್ಟೆ, ಇವೇ ಹೆಚ್ಚಾಗಿ ಕಾರಣ. ಆ ಎರಡು ಚಂದ್ರಗಳ ಸಂದಿನಲ್ಲಿ ಇಣುಕುತ್ತಾ ಹೊರಟುಬಿಡುವವರಿದ್ದಾರೆ. ದಯವಿಟ್ಟು ಹಾಗೆ ಹೊರಡಬೇಡಿ.

ಗಾಜು ತಿಳಿಯಾಯಿತು ಅಂತ ಎಸಿ ಆಫ್ ಮಾಡಿದೆ. ಅರೆ ಗಳಿಗೆಯಲ್ಲಿ ಪೂರ್ತಿ ಮುಚ್ಚಿಕೊಂಡಿತು. ಯಾಕೆ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನೇ ಓದಿ ಅನ್ನುತ್ತೇನೆ. ಇದರಷ್ಟು ಅಪಾಯದ ಮಬ್ಬು ಇನ್ನೊಂದಿಲ್ಲ. ಗಾಡಿ ವೇಗದಲ್ಲಿ ಇರುವಾಗ, ಎಚ್ಚರಿಕೆಯೇ ಇಲ್ಲದೆ ಬರುತ್ತದೆ.

ಎಸಿ ಓಡುತ್ತಿದ್ದಷ್ಟು ಹೊತ್ತು ಕೂಲಿಂಗ್ ಕಾಯಿಲ್ ಮೈತುಂಬ ನೀರು ಕೂತಿರುತ್ತದೆ. ನೀವು ಎಸಿ ಆಫ್ ಮಾಡಿದಿರಿ, ಆದರೆ ಫ್ಯಾನ್ ಓಡುತ್ತಲೇ ಇದೆ. ಕಾಯಿಲ್ ಬೆಚ್ಚಗಾಗುತ್ತದೆ. ಅದರ ಮೇಲಿದ್ದ ನೀರೆಲ್ಲ ಆವಿಯಾಗಿ, ಅದೇ ಫ್ಯಾನಿನ ಗಾಳಿಯ ಜೊತೆ ನೇರವಾಗಿ ಮುಂದಿನ ಗಾಜಿಗೆ ಬಡಿಯುತ್ತದೆ. ಗಾಳಿ ಗಾಜಿನ ಕಡೆಗೇ ತಿರುಗಿದ್ದರಂತೂ ಕೇಳುವುದೇ ಬೇಡ.

ಹಾಗಾಗಿ ಮಳೆಯಲ್ಲಿ, ಚಳಿಯಲ್ಲಿ ಒಮ್ಮೆ ಎಸಿ ಹಾಕಿದರೆ ಊರು ಮುಟ್ಟುವ ತನಕ ಹಾಗೇ ಬಿಡಿ. ಚಳಿ ಅನ್ನಿಸಿದರೆ ತಾಪಮಾನ ಏರಿಸಿ, ಎಸಿ ಬಟನ್ ಮುಟ್ಟಬೇಡಿ. ಆಫ್ ಮಾಡಲೇಬೇಕು ಅಂದರೆ ಮೊದಲು ಗಾಳಿಯನ್ನು ಗಾಜಿನಿಂದ ಕಾಲಿನ ಕಡೆಗೆ ತಿರುಗಿಸಿ, ಆಮೇಲೆ ಆಫ್ ಮಾಡಿ.

ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನೇ ಆಫ್ ಆಗುವ ಕಾರುಗಳಲ್ಲಿಯೂ ಇದೇ ಆಗಬಹುದು. ಎಂಜಿನ್ ಜೊತೆ ಬೆಲ್ಟಿನಲ್ಲಿ ಓಡುವ ಕಂಪ್ರೆಸರೂ ನಿಲ್ಲುತ್ತದೆ. ಮಬ್ಬು ಕಟ್ಟುವ ಹವೆಯಲ್ಲಿ ಆ ಸೌಲಭ್ಯವನ್ನು ಆಫ್ ಮಾಡಿಟ್ಟರೆ ಒಳ್ಳೆಯದು.

ಸೆಕೆ ಇದೆ, ಎಸಿ ಜೋರಾಗಿದೆ. ಆದರೂ ಗಾಜು ಮಬ್ಬು. ಒಳಗೆ ಒರೆಸಿದರೆ ಹೋಗುತ್ತಿಲ್ಲ.

ಅದು ಹೊರಗಡೆ ಕೂತಿದೆ, ಅದಕ್ಕೇ ಹೋಗುತ್ತಿಲ್ಲ. ಫ್ರಿಜ್‌ನಿಂದ ತೆಗೆದ ಬಾಟಲಿ ಮೈತುಂಬ ಬೆವರುತ್ತದಲ್ಲ, ನಿಮ್ಮ ಗಾಜೂ ಹಾಗೇ ಬೆವರುತ್ತಿದೆ.

ಹೊರಗೆ 28 ಡಿಗ್ರಿ, ತೇವಾಂಶ 90% ಇದ್ದರೆ ಇಬ್ಬನಿ ಬಿಂದು 26 ಡಿಗ್ರಿ ದಾಟಿರುತ್ತದೆ. ಒಳಗಿನಿಂದ ಎಸಿ ಗಾಳಿ ಬಡಿದು ಗಾಜು 22 ಡಿಗ್ರಿಗೆ ಇಳಿದರೆ ಹೊರಗಿನ ಗಾಳಿ ಅದರ ಮೇಲೆ ನೀರು ಬಿಡುತ್ತದೆ. ಬಿಸಿಲ ನಾಡಿನ ಮಳೆಗಾಲದಲ್ಲಿ, ಸಮುದ್ರದ ಬದಿಯಲ್ಲಿ, ಮಳೆ ನಿಂತ ಮೇಲಿನ ರಾತ್ರಿಗಳಲ್ಲಿ ಇದು ಮಾಮೂಲು. ಮಬ್ಬಿನ ಆಕಾರವೇ ಗುಟ್ಟು ಹೇಳುತ್ತದೆ. ಎಸಿ ಕಿಂಡಿಯ ಎದುರಿಗೆ, ಗಾಜಿನ ಕೆಳ ಅಂಚಿನಲ್ಲಿ ಬಾಲದ ಹಾಗೆ ಮೇಲಕ್ಕೆ ಎದ್ದಿರುತ್ತದೆ. ಪಕ್ಕದ ಕಿಟಕಿಯಲ್ಲೂ ಡ್ಯಾಶ್‌ಬೋರ್ಡ್ ಮೂಲೆಯ ಕಿಂಡಿಯ ಮುಂದೆ ಮಾತ್ರ ಒಂದು ದುಂಡು ಮಚ್ಚೆ ಕಾಣುತ್ತದೆ.

ಇಲ್ಲಿ ಎಸಿಯನ್ನು ಇನ್ನಷ್ಟು ತಣ್ಣಗೆ ಮಾಡಿದರೆ ಮಬ್ಬು ಜಾಸ್ತಿಯಾಗುತ್ತದೆ. ವೈಪರ್ ಹಾಕಿ, ಗಾಳಿಯನ್ನು ಗಾಜಿನಿಂದ ಬೇರೆ ಕಡೆಗೆ ತಿರುಗಿಸಿ, ತಾಪಮಾನ ಸ್ವಲ್ಪ ಏರಿಸಿ. ಎಸಿ ಆಫ್ ಮಾಡಬೇಕಿಲ್ಲ. ಡಿಫಾಗರ್ ಹಾಕುವುದಾದರೆ ತಾಪಮಾನವನ್ನೂ ಏರಿಸಿಯೇ ಹಾಕಿ.

ಒಳಗಿನ ಗಾಳಿ ಸುತ್ತುವ ಬಟನ್ ಇರಬೇಕಾ, ಹೊರಗಿನ ಗಾಳಿ ಬರಬೇಕಾ?

ಒಳಗಡೆ ಮಬ್ಬು ಕಟ್ಟುತ್ತಿದ್ದರೆ ಹೊರಗಿನ ಗಾಳಿ. ಕಾರಿನ ಒಳಗೆ ಬಾಗಿದ ಬಾಣ ಇರುವ ಬಟನ್ನಿನ ದೀಪ ಆರಿರಬೇಕು. ಆ ದೀಪ ಉರಿಯುತ್ತಿದೆ, ಎಸಿ ಆಫ್ ಇದೆ ಅಂದರೆ ನಿಮ್ಮ ಉಸಿರು ಒಳಗೇ ಸುತ್ತುತ್ತಿದೆ ಅಂತ ಅರ್ಥ.

ಹೊರಗೆ ಜಿಟಿಜಿಟಿ ಮಳೆ, ಗಾಳಿಯೇ ಒದ್ದೆ, ಅದನ್ನು ಒಳಗೆ ಯಾಕೆ ಬಿಡಬೇಕು ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮಳೆ ಜೊತೆಗೆ ಚಳಿಯೂ ಇದ್ದರೆ, ಹೊರಗಿನ ಗಾಳಿ ತೇವವಾಗಿ ಕಂಡರೂ ಅದರಲ್ಲಿರುವ ನೀರು ಒಳಗಿನ ಬೆಚ್ಚನೆಯ ಗಾಳಿಗಿಂತ ಕಡಿಮೆಯೇ. ಸೆಕೆಯ ಮಳೆಯಲ್ಲಿ ಮಾತ್ರ ಲೆಕ್ಕ ಬೇರೆ. ಆಗ ಎಸಿ ಹಾಕಿ ಒಳಗಿನ ಗಾಳಿ ಸುತ್ತಿಸಿದರೆ ಬೇಗ ಒಣಗುತ್ತದೆ, ಯಾಕೆಂದರೆ ಒಮ್ಮೆ ಒಣಗಿದ ಗಾಳಿಯೇ ಮತ್ತೆ ಕಾಯಿಲ್‌ಗೆ ಬರುತ್ತದೆ. ಆದರೆ ಎಸಿ ಓಡುತ್ತಿದ್ದರೆ ಮಾತ್ರ. ಇದನ್ನೂ ಗಂಟೆಗಟ್ಟಲೆ ಹಾಗೇ ಬಿಡಬೇಡಿ. ಮುಚ್ಚಿದ ಕಾರಿನಲ್ಲಿ ಉಸಿರಿನ ಇಂಗಾಲದ ಡೈ ಆಕ್ಸೈಡ್ ಏರುತ್ತಾ ಹೋಗಿ ತೂಕಡಿಕೆ ಬರುತ್ತದೆ.

ಕಿಟಕಿ ಒಂದು ಬೆರಳಷ್ಟು ಇಳಿಸಿದರೆ ಸಾಕಲ್ವಾ?

ಎಸಿ ಇಲ್ಲದ ಅಥವಾ ಕೆಟ್ಟ ಗಾಡಿಯಲ್ಲಿ ಇದೇ ಒಳ್ಳೆಯ ಉಪಾಯ. ಎದುರುಬದುರಿನ ಎರಡು ಕಿಟಕಿ ಸ್ವಲ್ಪ ಇಳಿಸಿ, ಗಾಳಿ ಅಡ್ಡ ಹಾಯಲಿ. ಹೊರಗಡೆ ಕೂತ ಮಬ್ಬಿಗೂ ಇದು ಸ್ವಲ್ಪ ಸಹಾಯ, ಗಾಜಿನ ಎರಡೂ ಬದಿಯ ತಾಪಮಾನ ಹತ್ತಿರ ಬರುತ್ತದೆ.

ಕೈಯಿಂದ ಒರೆಸಬಹುದಾ?

ಬೇಡ. ಕೈಯ ಜಿಡ್ಡು ಗಾಜಿಗೆ ಅಂಟುತ್ತದೆ, ರಾತ್ರಿ ಎದುರಿನ ಗಾಡಿಯ ಬೆಳಕು ಬಿದ್ದಾಗ ಆ ಐದು ಬೆರಳಿನ ಗೆರೆಗಳೂ ಹೊಳೆಯುತ್ತವೆ. ತೀರಾ ಅಗತ್ಯ ಬಿದ್ದರೆ ಒಣ ಮೈಕ್ರೋಫೈಬರ್ ಬಟ್ಟೆ ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಿ.

ಗಾಜು ಕೊಳೆಯಾಗಿದ್ದರೆ ಮಬ್ಬು ಜಾಸ್ತಿ ಅಂತಾರೆ, ನಿಜವಾ?

ನಿಜ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಸಿಲಿಗೆ ಕಾದಾಗ ಅದರಿಂದ ಸೂಕ್ಷ್ಮ ಎಣ್ಣೆಯಂಶ ಹೊರಟು ಗಾಜಿನ ಒಳಗಡೆ ಕೂರುತ್ತದೆ. ಹೊಸ ಕಾರಿನಲ್ಲಿ ಇದು ಜಾಸ್ತಿ. ಸಿಗರೇಟಿನ ಹೊಗೆ, ಡ್ಯಾಶ್‌ಬೋರ್ಡ್ ಪಾಲಿಶ್, ಧೂಳು ಸೇರಿ ಒಂದು ತೆಳು ಪದರ ಆಗುತ್ತದೆ. ಹಗಲಲ್ಲಿ ಕಾಣುವುದಿಲ್ಲ. ಜಿಡ್ಡಿನ ಮೇಲೆ ನೀರು ಹರಡಿಕೊಳ್ಳದೆ ಬಿಡಿಬಿಡಿ ಹನಿಯಾಗಿ ನಿಲ್ಲುತ್ತದೆ, ಮಬ್ಬು ದಟ್ಟವಾಗುತ್ತದೆ.

ಗಾಜು ತೊಳೆಯುವ ದ್ರವ ಮತ್ತು ಎರಡು ಬಟ್ಟೆ ಸಾಕು, ಒಂದು ಒರೆಸಲು, ಇನ್ನೊಂದು ಒಣಗಿಸಲು. ದ್ರವವನ್ನು ಗಾಜಿಗೆ ಸಿಂಪಡಿಸದೆ ಬಟ್ಟೆಗೆ ಹಾಕಿಕೊಳ್ಳಿ, ಡ್ಯಾಶ್‌ಬೋರ್ಡಿಗೆ ಸುರಿಯುವುದು ತಪ್ಪುತ್ತದೆ. ಕೆಳ ಅಂಚಿಗೆ ಕೈ ಹೋಗುವುದು ಕಷ್ಟ, ಕೊಳೆ ಕೂರುವುದೂ ಅಲ್ಲೇ. ಅಂಗೈ ಮೇಲೆ ಮಾಡಿಕೊಂಡು ಬೆರಳ ತುದಿಯಿಂದ ಬಟ್ಟೆ ತಳ್ಳಿ.

ಶೇವಿಂಗ್ ಫೋಮ್, ಸೋಪು, ಆಂಟಿ ಫಾಗ್ ಸ್ಪ್ರೇ, ಇವೆಲ್ಲ ಕೆಲಸ ಮಾಡುತ್ತವಾ?

ಮಾಡುತ್ತವೆ, ಸ್ವಲ್ಪ ದಿನ. ಇವು ಮಬ್ಬನ್ನು ತಡೆಯುವುದಿಲ್ಲ. ನೀರು ಹನಿಯಾಗದೆ ತೆಳು ಪದರವಾಗಿ ಹರಡುವ ಹಾಗೆ ಮಾಡುತ್ತವೆ. ಮೇಲೆ ಹೇಳಿದೆನಲ್ಲ, ಪದರವಾದರೆ ಕಾಣುತ್ತದೆ ಅಂತ. ಶೇವಿಂಗ್ ಫೋಮ್ ಹಚ್ಚಿದರೆ ಪೂರ್ತಿ ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ರಾತ್ರಿ ಬೆಳಕು ಚೆಲ್ಲಿದ ಹಾಗಾಗುತ್ತದೆ. ಮಳೆನೀರು ಜಾರಿಹೋಗಲು ಹೊರಗಡೆ ಹಚ್ಚುವ ದ್ರವವನ್ನು ಒಳಗೆ ಹಚ್ಚಬೇಡಿ. ಅದರ ಗುಣ ತಿರುಗಾಮುರುಗಾ, ನೀರನ್ನು ಇನ್ನಷ್ಟು ಹನಿ ಮಾಡುತ್ತದೆ.

ನನ್ನ ಮಟ್ಟಿಗೆ ಹೇಳುವುದಾದರೆ, ಎಸಿ ಸರಿಯಾಗಿ ಬಳಸುವವರಿಗೆ ಇವು ಯಾವುದೂ ಬೇಕಿಲ್ಲ.

ಹಿಂದಿನ ಗಾಜಿನಲ್ಲಿರುವ ಗೆರೆಗಳು ಏನು?

ವಿದ್ಯುತ್ ಹರಿದು ಬಿಸಿಯಾಗುವ ತಂತಿಯಂಥ ಗೆರೆಗಳು. ಆಯತಾಕಾರದ ಗಾಜಿನ ಚಿತ್ರವಿರುವ ಬಟನ್ ಇದರದು. ಇಲ್ಲಿ ಗಾಳಿಯ ಪಾತ್ರ ಇಲ್ಲ, ಗಾಜೇ ಬಿಸಿಯಾಗುತ್ತದೆ. ಬ್ಯಾಟರಿ ಮೇಲೆ ಭಾರ ಜಾಸ್ತಿ ಇರುವುದರಿಂದ ಹಲವು ಕಾರುಗಳಲ್ಲಿ ಸ್ವಲ್ಪ ಹೊತ್ತಿನ ನಂತರ ತಾನೇ ಆಫ್ ಆಗುತ್ತದೆ. ಒರೆಸುವಾಗ ಗೆರೆಯ ಉದ್ದಕ್ಕೇ ಒರೆಸಿ. ಗಟ್ಟಿ ವಸ್ತುವಿನಿಂದ ಕೆರೆದು ಒಂದು ಗೆರೆ ತುಂಡಾದರೆ ಅಷ್ಟು ಜಾಗ ಮಬ್ಬಾಗಿಯೇ ಉಳಿಯುತ್ತದೆ.

ಎಸಿ ಹಾಕಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತಲ್ವಾ?

ಸ್ವಲ್ಪ ಕುಡಿಯುತ್ತದೆ, ಕಂಪ್ರೆಸರ್ ತಿರುಗಿಸಲು ಎಂಜಿನ್ನಿಗೆ ಕೆಲಸ ಬೀಳುತ್ತದೆ. ಚಳಿಯ ದಿನ ಗಾಳಿ ಮೊದಲೇ ತಣ್ಣಗಿರುವುದರಿಂದ ಬೇಸಿಗೆಯಷ್ಟು ಭಾರ ಬೀಳುವುದಿಲ್ಲ. ಹೀಟರ್ ಅಂತೂ ಹೆಚ್ಚುಕಮ್ಮಿ ಪುಕ್ಕಟೆ, ಹೇಗೂ ವ್ಯರ್ಥವಾಗುವ ಎಂಜಿನ್ ಬಿಸಿಯನ್ನೇ ಅದು ಬಳಸುತ್ತದೆ. ಕಾಣದೆ ಓಡಿಸುವುದರಲ್ಲಿ ಉಳಿಸುವಂಥದ್ದು ಏನೂ ಇಲ್ಲ.

ಎಲೆಕ್ಟ್ರಿಕ್ ಕಾರಿನಲ್ಲೂ ಇದೇ ಲೆಕ್ಕವಾ?

ಗಾಳಿ, ಗಾಜು, ನೀರಿನ ಲೆಕ್ಕ ಅದೇ. ಖರ್ಚಿನ ಲೆಕ್ಕ ಬೇರೆ. ಅಲ್ಲಿ ಬಿಸಿ ಕೂಲಂಟ್ ಪುಕ್ಕಟೆ ಸಿಗುವುದಿಲ್ಲ. ವಿದ್ಯುತ್ ಹೀಟರ್ ಅಥವಾ ಹೀಟ್ ಪಂಪ್ (ಎಸಿಯನ್ನೇ ತಿರುಗಿಸಿದ ಹಾಗೆ ಹೊರಗಿನ ಬಿಸಿಯನ್ನು ಒಳಗೆ ತರುವ ಯಂತ್ರ) ಬ್ಯಾಟರಿಯಿಂದಲೇ ಓಡಬೇಕು, ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಕಡಿಮೆಯಾಗುತ್ತದೆ. ರೇಂಜ್ ಉಳಿಸಲು ಇಕೋ ಮೋಡ್‌ಗೆ ಹಾಕಿದರೆ ಕೆಲವು ಕಾರುಗಳಲ್ಲಿ ಎಸಿ ಮತ್ತು ಹೀಟರ್ ತಗ್ಗುತ್ತವೆ. ಗಾಜು ಮುಚ್ಚಿಕೊಳ್ಳುವುದು ಆಗಲೇ. ಸೀಟು ಬಿಸಿ ಮಾಡುವ ಬಟನ್ ಮೈಗೆ ಹಿತ, ಗಾಜಿಗೆ ಏನೂ ಪ್ರಯೋಜನ ಇಲ್ಲ.

ಚಾರ್ಜಿಂಗ್ ಕೇಬಲ್ ಹಾಕಿರುವಾಗಲೇ ಒಳಗನ್ನು ಬೆಚ್ಚಗೆ ಮಾಡಿಕೊಂಡು ಹೊರಡುವುದು ಜಾಣತನ. ಹೀಟರ್ ಬಿಸಿಯಾಗಲು ಎಂಜಿನ್ನಿಗೆ ಕಾಯಬೇಕಿಲ್ಲ ಅನ್ನುವುದು ಇಲ್ಲಿನ ದೊಡ್ಡ ಅನುಕೂಲ.

ಸೊನ್ನೆ ಡಿಗ್ರಿಗಿಂತ ಕೆಳಗೆ ಎಸಿ ಬಟನ್ ಒತ್ತಿದರೂ ಓಡುತ್ತಿಲ್ಲ. ಕೆಟ್ಟಿದೆಯಾ?

ಕೆಟ್ಟಿಲ್ಲ. ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಬಾರದು ಅಂತ ಬಹಳಷ್ಟು ಕಾರುಗಳಲ್ಲಿ ಸೊನ್ನೆಯ ಆಸುಪಾಸಿನಲ್ಲಿ ಕಂಪ್ರೆಸರ್ ನಿಂತುಬಿಡುತ್ತದೆ. ಅಷ್ಟು ಚಳಿಯ ಹೊರಗಿನ ಗಾಳಿಯಲ್ಲಿ ನೀರೂ ಹೆಚ್ಚು ಇರುವುದಿಲ್ಲ. ಹೊರಗಿನ ಗಾಳಿ ಮತ್ತು ಹೀಟರ್ ಸಾಕು. ಗಾಜಿನ ಮೇಲೆ ಹಿಮ ಗಟ್ಟಿಯಾಗಿದ್ದರೆ ಬಿಸಿನೀರು ಸುರಿಯಬೇಡಿ, ಗಾಜು ಸೀಳಬಹುದು. ವೈಪರ್ ಗಾಜಿಗೆ ಹೆಪ್ಪುಗಟ್ಟಿ ಅಂಟಿದೆಯಾ ನೋಡಿಕೊಂಡೇ ಸ್ವಿಚ್ ಹಾಕಿ.

ರಾತ್ರಿ ಮುಚ್ಚಿಟ್ಟ ಕಾರು, ಬೆಳಗ್ಗೆ ಒಳಗೆಲ್ಲ ಮಬ್ಬು. ಯಾರೂ ಉಸಿರಾಡಿಲ್ಲವಲ್ಲ?

ನೀರು ಒಳಗೇ ಎಲ್ಲೋ ಅಡಗಿದೆ ಅಂತ ಅರ್ಥ. ತೆರೆದ ಆಕಾಶದ ಕೆಳಗೆ ನಿಂತ ಕಾರಿನ ಮುಂದಿನ ಗಾಜು ರಾತ್ರಿ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗಿನ ತೇವ ಹೋಗಿ ಕೂರುವುದು ಅಲ್ಲಿಗೇ. ಒದ್ದೆ ಮ್ಯಾಟು, ಛತ್ರಿ ತೆಗೆದು ಹೊರಗಿಡಿ. ಸೂರಿನ ಕೆಳಗೆ ನಿಲ್ಲಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಚೀಲಗಳು ಸ್ವಲ್ಪ ನೆರವಾಗುತ್ತವೆ, ಆಗಾಗ ಒಣಗಿಸಬೇಕು.

ದಿನಾ ಹೀಗೇ ಆಗುತ್ತಿದೆ, ಮಳೆಯೂ ಇಲ್ಲ. ಗ್ಯಾರೇಜಿಗೆ ಹೋಗುವ ಮೊದಲು ಏನು ನೋಡಲಿ?

ಎಸಿ ಫಿಲ್ಟರ್ ಮೊದಲು. ಹೆಚ್ಚಾಗಿ ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ಧೂಳು, ಎಲೆ ಕಟ್ಟಿಕೊಂಡಿದ್ದರೆ ಫ್ಯಾನ್ ಎಷ್ಟು ಕೂಗಿದರೂ ಗಾಳಿ ಬರುವುದಿಲ್ಲ.

ಆಮೇಲೆ ಕಾರ್ಪೆಟ್. ಮ್ಯಾಟ್ ಎತ್ತಿ, ಮುಂದಿನ ಎರಡೂ ಸೀಟಿನ ಕಾಲಡಿಯಲ್ಲಿ ಒಂದು ಟಿಶ್ಯೂ ಪೇಪರ್ ಇಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ. ಮೇಲ್ಮೈ ಒಣಗಿದ ಹಾಗೆ ಕಂಡರೂ ಕೆಳಗಿನ ಸ್ಪಂಜಿನಲ್ಲಿ ನೀರು ನಿಂತಿರಬಹುದು. ಪೇಪರ್ ಒದ್ದೆಯಾದರೆ ಅದನ್ನು ಮೂಸಿ ನೋಡಿ. ವಾಸನೆ ಇಲ್ಲದ ತಿಳಿ ನೀರಾದರೆ ಎಸಿ ನೀರಿನ ಪೈಪು ಕಟ್ಟಿಕೊಂಡಿರಬಹುದು. ಎಸಿ ಎಷ್ಟು ಹೊತ್ತು ಓಡಿದರೂ ಕಾರಿನ ಕೆಳಗೆ ನೀರು ಬೀಳುತ್ತಿಲ್ಲ ಅಂದರೆ ಅನುಮಾನ ಗಟ್ಟಿ. ಮಳೆ ಬಂದಾಗ ಮಾತ್ರ ಒದ್ದೆಯಾಗುತ್ತಿದ್ದರೆ ಬಾಗಿಲಿನ ರಬ್ಬರ್, ಸನ್‌ರೂಫಿನ ನೀರು ಹೋಗುವ ಕೊಳವೆ, ವೈಪರ್ ಬುಡದಲ್ಲಿ ಎಲೆ ತುಂಬಿದ ಜಾಗ ನೋಡಿ.

ಪೇಪರಿನಲ್ಲಿ ಜಿಡ್ಡು ಇದ್ದು ಸಿಹಿ ವಾಸನೆ ಬಂದರೆ ಹೀಟರ್ ಕೋರ್ ಸೋರುತ್ತಿದೆ. ಗಾಜಿನ ಮೇಲೂ ಒರೆಸಿದಷ್ಟೂ ಹೋಗದ ಅಂಟು ಮಬ್ಬು ಇರುತ್ತದೆ, ಹೀಟರ್ ಹಾಕಿದಾಗ ಜಾಸ್ತಿಯಾಗುತ್ತದೆ. ಕೂಲಂಟ್ ಮಟ್ಟವೂ ಇಳಿಯುತ್ತಿರುತ್ತದೆ. ಸಾಮಾನ್ಯವಾಗಿ ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಮಕ್ಕಳು ಮತ್ತು ಸಾಕುಪ್ರಾಣಿಗಳನ್ನು ದೂರ ಇಡಿ. ಕೂಲಂಟ್ ನೋಡುವುದಾದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ ಮುಚ್ಚಳ ತೆಗೆಯಿರಿ. ಇದನ್ನು ತಳ್ಳಿಹಾಕಿಕೊಂಡು ಓಡಿಸಿದರೆ ಎಂಜಿನ್ ಕಾದು ಕೆಡುತ್ತದೆ, ಆ ವಾರವೇ ಗ್ಯಾರೇಜಿಗೆ ತೋರಿಸಿ.

ಇದ್ಯಾವುದೂ ಅಲ್ಲ, ಎಸಿ ಗಾಳಿ ಮೊದಲಿನಷ್ಟು ತಣ್ಣಗಿಲ್ಲ ಅಂದರೆ ಗ್ಯಾಸ್ ಕಡಿಮೆಯಾಗಿರಬಹುದು. ತಣ್ಣಗಾಗದ ಕಾಯಿಲ್ ಗಾಳಿಯನ್ನು ಒಣಗಿಸುವುದಿಲ್ಲ. ಬರೀ ಗ್ಯಾಸ್ ತುಂಬಿಸಿ ಕಳಿಸಲು ಬಿಡಬೇಡಿ, ಎಲ್ಲಿ ಸೋರುತ್ತಿದೆ ಅಂತ ಮೊದಲು ಹುಡುಕಿಸಿ.